ಮನೆಯಲ್ಲಿ ತಯಾರಿಸುವ ಬೆಳ್ಳಿನೀರು: ವಿಜ್ಞಾನ, ಪ್ರಮಾಣ ಮತ್ತು ಎಚ್ಚರಿಕೆ

ಪೀಠಿಕೆ

ಬೆಳ್ಳಿಗೆ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಗೌರವದ ಸ್ಥಾನವಿದೆ. ಹಸುಗೂಸಿಗೆ ಹಾಲು ಕುಡಿಸುವ ಒಳಲೆ, ಪೂಜೆಯ ಪಂಚಪಾತ್ರೆ ಮತ್ತು ಉದ್ಧರಣೆ, ಮದುವೆಯಲ್ಲಿ ಕೊಡುವ ಲೋಟ ಇವೆಲ್ಲ ಬೆಳ್ಳಿಯವು. ಬೆಳ್ಳಿಯ ಪಾತ್ರೆಯಲ್ಲಿಟ್ಟ ನೀರು ಕೆಡುವುದಿಲ್ಲವೆಂಬ ನಂಬಿಕೆಯೂ ಬಹುಕಾಲದಿಂದ ಬಂದಿದೆ. ಈ ನಂಬಿಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಬೆಳ್ಳಿಯ ಅಯಾನುಗಳು ಅನೇಕ ಬಗೆಯ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲವೆಂಬುದು ವಿಜ್ಞಾನವು ಒಪ್ಪಿಕೊಂಡ ವಿಷಯ.

ಇದನ್ನೇ ಆಧಾರವಾಗಿಟ್ಟುಕೊಂಡು, ಎರಡು ಬೆಳ್ಳಿಯ ತಂತಿಗಳನ್ನು ನೀರಿನಲ್ಲಿ ಮುಳುಗಿಸಿ, ಬ್ಯಾಟರಿಯಿಂದ ವಿದ್ಯುತ್ತು ಹರಿಸಿ, ದೊರೆತ ನೀರನ್ನು ಸರ್ವರೋಗ ನಿವಾರಕವೆಂದು ಕುಡಿಯುವ ಅಭ್ಯಾಸವೊಂದು ಹಲವು ದೇಶಗಳಲ್ಲಿ ಹರಡಿದೆ. ಹೀಗೆ ತಯಾರಿಸಿದ ನೀರಿಗೆ ಕಲಿಲ ಬೆಳ್ಳಿ ಎಂಬ ಹೆಸರಿದೆ. ತಯಾರಿಕೆ ಸುಲಭ, ಖರ್ಚು ಅಲ್ಪ. ಆದುದರಿಂದಲೇ ಇದರ ಬಗ್ಗೆ ತಿಳಿವಳಿಕೆ ಅಗತ್ಯ.

ಬೆಳ್ಳಿ ಮತ್ತು ನೀರು ಎಂಬ ಇದೇ ಎರಡು ವಸ್ತುಗಳನ್ನು ಕುರಿತು ಚೆನ್ನೈ ನಗರದ ಅಡ್ಯಾರ್ ಭಾಗದಲ್ಲಿ, ಸರ್ದಾರ್ ಪಟೇಲ್ ರಸ್ತೆಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಲವು ವರ್ಷಗಳಿಂದ ಸಂಶೋಧನೆ ನಡೆಸುತ್ತ ಬಂದಿದ್ದಾರೆ. ಮನೆಯ ಗಾಜಿನ ಲೋಟಕ್ಕೂ ಅಡ್ಯಾರ್‌ನ ಪ್ರಯೋಗಾಲಯಕ್ಕೂ ಇರುವ ಮುಖ್ಯ ವ್ಯತ್ಯಾಸ ಒಂದೇ, ಅದು ಪ್ರಮಾಣ. ಎಷ್ಟು ಬೆಳ್ಳಿ ನೀರಿಗಿಳಿಯಿತು ಎಂಬ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರವುಂಟು, ಮನೆಯಲ್ಲಿ ಇಲ್ಲ. ಈ ಪಾಠದ ಉದ್ದೇಶವು ಆ ವ್ಯತ್ಯಾಸವನ್ನು ಓದುಗರಿಗೆ ಸ್ಪಷ್ಟಪಡಿಸುವುದಾಗಿದೆ.

ಕಲಿಲ ಎಂದರೇನು?

ಸಕ್ಕರೆಯನ್ನು ನೀರಿಗೆ ಹಾಕಿದರೆ ಅದು ಅಣುಅಣುವಾಗಿ ಬೇರ್ಪಟ್ಟು ಕರಗುತ್ತದೆ. ಇದು ದ್ರಾವಣ. ಮರಳನ್ನು ಹಾಕಿದರೆ ಅದು ಕರಗದೆ ತಳದಲ್ಲಿ ನಿಲ್ಲುತ್ತದೆ. ಈ ಎರಡರ ನಡುವಣ ಸ್ಥಿತಿಯೇ ಕಲಿಲ. ಇಲ್ಲಿ ಕಣಗಳು ಅಣುಗಳಿಗಿಂತ ದೊಡ್ಡವು, ಆದರೆ ತಳಕ್ಕಿಳಿಯುವಷ್ಟು ದೊಡ್ಡವಲ್ಲ. ಅವುಗಳ ಗಾತ್ರ ಸುಮಾರು 1ರಿಂದ 1000 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಹಾಲು ನಮಗೆಲ್ಲರಿಗೂ ಪರಿಚಿತವಾದ ಕಲಿಲ. ಈ ವರ್ಗದ ವಸ್ತುಗಳನ್ನು ಪ್ರತ್ಯೇಕವಾಗಿ ಗುರುತಿಸಿ 1861ರಲ್ಲಿ ಹೆಸರಿಟ್ಟವನು ಥಾಮಸ್ ಗ್ರಹಾಂ ಎಂಬ ರಸಾಯನ ವಿಜ್ಞಾನಿ.

ಕಲಿಲವನ್ನು ಗುರುತಿಸುವ ಸರಳ ವಿಧಾನವೊಂದಿದೆ. ಕತ್ತಲೆಯ ಕೋಣೆಯಲ್ಲಿ ದ್ರವದ ಮೂಲಕ ಟಾರ್ಚಿನ ಬೆಳಕನ್ನು ಹಾಯಿಸಿದರೆ, ಕಲಿಲದಲ್ಲಿ ಬೆಳಕಿನ ಹಾದಿ ಕಾಣುತ್ತದೆ. ಶುದ್ಧ ದ್ರಾವಣದಲ್ಲಿ ಕಾಣುವುದಿಲ್ಲ. ಇದಕ್ಕೆ ಟಿಂಡಾಲ್ ಪರಿಣಾಮ ಎನ್ನುತ್ತಾರೆ. ಬೆಳ್ಳಿಯ ಅತಿಸೂಕ್ಷ್ಮ ಕಣಗಳುಳ್ಳ ಕಲಿಲವು ಸಾಮಾನ್ಯವಾಗಿ ಹಳದಿ ಬಣ್ಣ ತಾಳುತ್ತದೆ. ಮನೆಯಲ್ಲಿ ತಯಾರಾಗುವ ನೀರು ಬಹುಮಟ್ಟಿಗೆ ಬಣ್ಣವಿಲ್ಲದೆ ತಿಳಿಯಾಗಿರುತ್ತದೆ. ಇದರ ಅರ್ಥವೇನೆಂದರೆ, ಅದರಲ್ಲಿರುವ ಬೆಳ್ಳಿಯ ಹೆಚ್ಚಿನ ಪಾಲು ಕಲಿಲ ಕಣಗಳ ರೂಪದಲ್ಲಿರದೆ ಕರಗಿದ ಅಯಾನುಗಳ ರೂಪದಲ್ಲಿರುತ್ತದೆ. ಹೀಗಾಗಿ ಕಲಿಲ ಬೆಳ್ಳಿ ಎಂಬ ಹೆಸರೇ ಈ ನೀರಿಗೆ ಪೂರ್ತಿಯಾಗಿ ಸಲ್ಲುವುದಿಲ್ಲ.

ವಿದ್ಯುದ್ವಿಭಜನೆ ನಡೆಯುವ ಬಗೆ

ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಶುದ್ಧ ಬೆಳ್ಳಿಯ ತಂತಿಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಬ್ಯಾಟರಿಯ ಎರಡು ತುದಿಗಳಿಗೆ ಜೋಡಿಸಲಾಗಿದೆ ಎಂದು ಭಾವಿಸೋಣ. ಧನಾಗ್ರದಲ್ಲಿ ಬೆಳ್ಳಿಯ ಪರಮಾಣುವು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಅಯಾನಾಗಿ ನೀರಿಗಿಳಿಯುತ್ತದೆ. ಋಣಾಗ್ರದಲ್ಲಿ ನೀರು ವಿಭಜನೆಗೊಂಡು ಜಲಜನಕದ ಸಣ್ಣ ಗುಳ್ಳೆಗಳು ಏಳುತ್ತವೆ. ನೀರಿಗಿಳಿದ ಅಯಾನುಗಳಲ್ಲಿ ಕೆಲವು ಋಣಾಗ್ರವನ್ನು ತಲುಪಿ ಮತ್ತೆ ಲೋಹವಾಗಿ, ಪಾಚಿಯಂತಹ ಬೂದುಗಪ್ಪು ಪದರವಾಗಿ ಅಂಟಿಕೊಳ್ಳುತ್ತವೆ. ಕೆಲವು ಬೆಳ್ಳಿಯ ಆಕ್ಸೈಡ್ ಆಗಿ ಮಾರ್ಪಡುತ್ತವೆ. ಕೆಲವು ಒಂದುಗೂಡಿ ಕಲಿಲ ಕಣಗಳಾಗುತ್ತವೆ. ಉಳಿದವು ಅಯಾನುಗಳಾಗಿಯೇ ನೀರಿನಲ್ಲಿರುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಟ್ಟಿ ಇಳಿಸಿದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದಿಲ್ಲ. ಆದುದರಿಂದ ಮೊದಮೊದಲು ಕ್ರಿಯೆ ನಿಧಾನ. ಆದರೆ ಬೆಳ್ಳಿಯ ಅಯಾನುಗಳು ನೀರಿಗಿಳಿದಂತೆಲ್ಲ ನೀರಿನ ವಾಹಕತೆ ಏರುತ್ತದೆ. ವಾಹಕತೆ ಏರಿದಂತೆಲ್ಲ ವಿದ್ಯುತ್ಪ್ರವಾಹ ಹೆಚ್ಚುತ್ತದೆ. ಪ್ರವಾಹ ಹೆಚ್ಚಿದಂತೆಲ್ಲ ಬೆಳ್ಳಿ ಇನ್ನಷ್ಟು ವೇಗವಾಗಿ ಇಳಿಯುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಇಳಿದ ಬೆಳ್ಳಿಗೂ ಕೊನೆಯ ಹತ್ತು ನಿಮಿಷದಲ್ಲಿ ಇಳಿದ ಬೆಳ್ಳಿಗೂ ಹೋಲಿಕೆಯಿರುವುದಿಲ್ಲ. ಆದಕಾರಣ ಕೇವಲ ಗಡಿಯಾರ ನೋಡಿ ಪ್ರಮಾಣವನ್ನು ನಿರ್ಧರಿಸಲು ಬಾರದು.

ಪ್ರಮಾಣದ ಲೆಕ್ಕ

ವಿದ್ಯುದ್ವಿಭಜನೆಯ ಪ್ರಮಾಣವನ್ನು ಲೆಕ್ಕ ಹಾಕುವ ನಿಯಮಗಳನ್ನು ಮೈಕೇಲ್ ಫ್ಯಾರಡೆ 1834ರಲ್ಲಿ ಪ್ರಕಟಿಸಿದನು. ಆ ನಿಯಮದಂತೆ ಒಂದು ಕೂಲಾಮ್ ವಿದ್ಯುದಾವೇಶವು 1.118 ಮಿಲಿಗ್ರಾಂ ಬೆಳ್ಳಿಯನ್ನು ಧನಾಗ್ರದಿಂದ ಇಳಿಸುತ್ತದೆ.

ಈಗ ಒಂದು ಮಿಲಿಆಂಪಿಯರ್ ಪ್ರವಾಹವು ಒಂದು ಗಂಟೆಯ ಕಾಲ ಹರಿಯಿತೆನ್ನೋಣ. ಒಂದು ಮಿಲಿಆಂಪಿಯರ್ ಎಂದರೆ ಸಣ್ಣ ಸೂಚಕ ದೀಪವನ್ನು ಮಂದವಾಗಿ ಬೆಳಗಿಸುವಷ್ಟು ಅಲ್ಪ ಪ್ರವಾಹ. ಒಂದು ಗಂಟೆಯಲ್ಲಿ 3600 ಸೆಕೆಂಡುಗಳಿರುವುದರಿಂದ ಒಟ್ಟು ಆವೇಶ 3.6 ಕೂಲಾಮ್. ಇದನ್ನು 1.118ರಿಂದ ಗುಣಿಸಿದರೆ ಸುಮಾರು 4 ಮಿಲಿಗ್ರಾಂ ಆಗುತ್ತದೆ. ಪಾತ್ರೆಯಲ್ಲಿ ಒಂದು ಲೀಟರ್ ನೀರಿದ್ದು, ಇಳಿದ ಬೆಳ್ಳಿಯೆಲ್ಲ ಅದರಲ್ಲೇ ಉಳಿದರೆ ಪ್ರಮಾಣವು ಲೀಟರಿಗೆ 4 ಮಿಲಿಗ್ರಾಂ. ಅರ್ಧ ಲೀಟರ್ ಮಾತ್ರವಿದ್ದರೆ ಲೀಟರಿಗೆ 8 ಮಿಲಿಗ್ರಾಂ.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವ ಮಾನಕ ಐ.ಎಸ್. 10500ರ 2012ರ ಆವೃತ್ತಿಯಂತೆ ಬೆಳ್ಳಿಯ ಪ್ರಮಾಣವು ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಅಂದರೆ ಅತ್ಯಲ್ಪ ಪ್ರವಾಹದಿಂದ ಒಂದೇ ಗಂಟೆಯಲ್ಲಿ ಒಂದು ಲೀಟರ್ ನೀರಿನ ಬೆಳ್ಳಿಯು ಈ ಮಿತಿಯ 40 ಪಟ್ಟು ಮುಟ್ಟಬಲ್ಲದು. ಅರ್ಧ ಲೀಟರಿನಲ್ಲಿ 80 ಪಟ್ಟು.

ವಿಶ್ವ ಆರೋಗ್ಯ ಸಂಸ್ಥೆಯೂ ಲೀಟರಿಗೆ 0.1 ಮಿಲಿಗ್ರಾಂವರೆಗಿನ ಬೆಳ್ಳಿಯನ್ನು ಸಹಿಸಬಹುದೆಂದು ಹೇಳಿದೆ. ಒಬ್ಬ ಮನುಷ್ಯನ ಶರೀರಕ್ಕೆ ಜೀವಮಾನವಿಡೀ ಬಾಯಿಯ ಮೂಲಕ ಸೇರುವ ಬೆಳ್ಳಿ ಒಟ್ಟು ಸುಮಾರು 10 ಗ್ರಾಂ ಮೀರದಿದ್ದರೆ ಹಾನಿ ಕಂಡುಬಂದಿಲ್ಲವೆಂಬುದು ಇದರ ಆಧಾರ. ದಿನಕ್ಕೆ 2 ಲೀಟರಿನಂತೆ 70 ವರ್ಷ ಆ ಮಿತಿಯ ನೀರನ್ನು ಕುಡಿದರೂ ಸುಮಾರು 5 ಗ್ರಾಂ, ಎಂದರೆ ಅದರ ಅರ್ಧದಷ್ಟೇ, ಶರೀರಕ್ಕೆ ಸೇರುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.005 ಮಿಲಿಗ್ರಾಂ ಬೆಳ್ಳಿಯ ಮಿತಿಯನ್ನು ಸೂಚಿಸಿದೆ. 60 ಕಿಲೋ ತೂಕದ ವಯಸ್ಕರಿಗೆ ಇದು 0.3 ಮಿಲಿಗ್ರಾಂ. ಲೀಟರಿಗೆ 10 ಮಿಲಿಗ್ರಾಂ ಬೆಳ್ಳಿಯಿರುವ ನೀರಿನ 30 ಮಿಲಿಲೀಟರಿನಲ್ಲೇ ಇಷ್ಟು ಬೆಳ್ಳಿಯಿರುತ್ತದೆ. 10 ಕಿಲೋ ತೂಕದ ಮಗುವಿಗಾದರೆ ಕೇವಲ 5 ಮಿಲಿಲೀಟರ್, ಎಂದರೆ ಒಂದು ಟೀ ಚಮಚ ಸಾಕು.

ಮನೆಯ ತಯಾರಿಕೆಯಲ್ಲಿ ತಪ್ಪುವುದೆಲ್ಲಿ?

ಮೇಲಿನ ಲೆಕ್ಕವು ಇಳಿಯಬಹುದಾದ ಗರಿಷ್ಠ ಬೆಳ್ಳಿಯ ಲೆಕ್ಕ. ವಾಸ್ತವದಲ್ಲಿ ಋಣಾಗ್ರಕ್ಕೆ ಅಂಟಿದ್ದೆಷ್ಟು, ತಳಕ್ಕಿಳಿದದ್ದೆಷ್ಟು, ನೀರಿನಲ್ಲಿ ಉಳಿದದ್ದೆಷ್ಟು ಎಂಬುದನ್ನು ತಿಳಿಯಲು ಸೂಕ್ಷ್ಮ ಉಪಕರಣಗಳು ಬೇಕು. ಬಣ್ಣ, ರುಚಿ, ವಾಸನೆಗಳಿಂದ ಇದನ್ನು ತಿಳಿಯಲಾಗದು. ಒಂದೇ ಮನೆಯಲ್ಲಿ ಒಂದೇ ಸಾಧನದಿಂದ ಇಂದು ತಯಾರಿಸಿದ ನೀರೂ ನಾಳೆ ತಯಾರಿಸಿದ ನೀರೂ ಒಂದೇ ಬಗೆಯವಾಗಿರುವುದಿಲ್ಲ.

ಎರಡನೆಯದಾಗಿ, ಬೆಳ್ಳಿಯ ಶುದ್ಧತೆ. ಆಭರಣಗಳಿಗೆ ಗಟ್ಟಿತನ ಬರಲೆಂದು ಬೆಳ್ಳಿಯಲ್ಲಿ ಸಾಮಾನ್ಯವಾಗಿ ತಾಮ್ರವನ್ನು ಬೆರೆಸಿರುತ್ತಾರೆ. ಹಳೆಯ ಕಾಲ್ಗೆಜ್ಜೆ ಅಥವಾ ನಾಣ್ಯವನ್ನು ವಿದ್ಯುದಗ್ರವಾಗಿ ಬಳಸಿದರೆ ತಾಮ್ರವೂ ಬೆಸುಗೆಯ ಇತರ ಲೋಹಗಳೂ ನೀರಿಗಿಳಿಯುತ್ತವೆ.

ಮೂರನೆಯದಾಗಿ, ನೀರು. ನಲ್ಲಿಯ ನೀರಿನಲ್ಲೂ ಬಾವಿಯ ನೀರಿನಲ್ಲೂ ಕ್ಲೋರೈಡ್ ಲವಣಗಳಿರುತ್ತವೆ. ಸಮುದ್ರದ ಅಂಚಿನ ಊರುಗಳ ಬಾವಿಗಳಲ್ಲಿ ಇವು ಇನ್ನೂ ಹೆಚ್ಚು. ಬೆಳ್ಳಿಯ ಅಯಾನು ಕ್ಲೋರೈಡಿನೊಡನೆ ಕೂಡಿದೊಡನೆ ಸಿಲ್ವರ್ ಕ್ಲೋರೈಡ್ ಎಂಬ ಬಿಳಿಯ ಗಸಿ ಉಂಟಾಗುತ್ತದೆ. ಕ್ರಿಯೆ ಬೇಗ ನಡೆಯಲೆಂದು ಚಿಟಿಕೆ ಉಪ್ಪು ಹಾಕುವವರು ವಾಸ್ತವವಾಗಿ ತಯಾರಿಸುವುದು ಈ ಗಸಿಯನ್ನೇ.

ನಾಲ್ಕನೆಯದಾಗಿ, ವಿದ್ಯುತ್ತಿನ ಅಪಾಯ. ಬ್ಯಾಟರಿಯ ಬದಲು ಮನೆಯ 230 ವೋಲ್ಟ್ ವಿದ್ಯುತ್ತಿಗೆ ನೇರವಾಗಿ ಅಥವಾ ಕಳಪೆ ಅಡಾಪ್ಟರ್ ಮೂಲಕ ನೀರಿನಲ್ಲಿ ಮುಳುಗಿರುವ ತಂತಿಗಳನ್ನು ಜೋಡಿಸುವುದು ಪ್ರಾಣಾಂತಿಕ. ಇಂತಹ ಪ್ರಯತ್ನವನ್ನು ಯಾರೂ, ಯಾವ ಕಾರಣಕ್ಕೂ ಮಾಡಕೂಡದು.

ಶರೀರದಲ್ಲಿ ಬೆಳ್ಳಿ

ಬೆಳ್ಳಿಯ ಅಯಾನು ಸೂಕ್ಷ್ಮಜೀವಿಗಳ ಕಿಣ್ವಗಳಲ್ಲಿರುವ ಗಂಧಕದ ಭಾಗಗಳಿಗೆ ಅಂಟಿಕೊಂಡು ಅವುಗಳ ಉಸಿರಾಟವನ್ನು ಕೆಡಿಸುತ್ತದೆ. ಲೋಟದ ನೀರಿನಲ್ಲಿ ಈ ಕ್ರಿಯೆ ನಡೆಯಬಲ್ಲದು. ಆದರೆ ನುಂಗಿದ ಬೆಳ್ಳಿಯ ಗತಿ ಬೇರೆ. ಜಠರದಲ್ಲಿ ಹೈಡ್ರೊಕ್ಲೋರಿಕ್ ಆಮ್ಲವಿದೆ. ಅಯಾನುಗಳ ಬಹುಭಾಗ ಅಲ್ಲಿಯೇ ಸಿಲ್ವರ್ ಕ್ಲೋರೈಡ್ ಆಗುತ್ತದೆ. ರಕ್ತಕ್ಕೆ ಸೇರಿದ ಅಲ್ಪಾಂಶವೂ ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ನುಂಗಿದ ಕಲಿಲ ಬೆಳ್ಳಿಯು ಯಾವುದೇ ರೋಗವನ್ನು ಗುಣಪಡಿಸುವುದೆಂದು ವೈದ್ಯಕೀಯ ಪರೀಕ್ಷೆಗಳಲ್ಲಿ ಸಿದ್ಧಪಟ್ಟಿಲ್ಲ.

ಶರೀರಕ್ಕೆ ಬೆಳ್ಳಿಯ ಅಗತ್ಯವಿಲ್ಲ. ಸೇರಿದ ಬೆಳ್ಳಿಯ ಒಂದು ಭಾಗ ಹೊರಹೋದರೂ ಉಳಿದದ್ದು ಚರ್ಮ, ಕಣ್ಣು ಹಾಗೂ ಒಳಾಂಗಗಳಲ್ಲಿ ಸಂಗ್ರಹವಾಗುತ್ತದೆ. ಚರ್ಮದಲ್ಲಿ ಸೇರಿದ ಬೆಳ್ಳಿಯು ಬಿಸಿಲಿಗೆ ಕಪ್ಪಾಗುತ್ತದೆ. ಹಳೆಯ ಕಾಲದ ಛಾಯಾಚಿತ್ರದ ಫಿಲಂ ಬೆಳಕಿಗೆ ಕಪ್ಪಾಗುತ್ತಿದ್ದುದೂ ಇದೇ ಬಗೆಯ ರಾಸಾಯನಿಕ ಕ್ರಿಯೆಯಿಂದಲೇ. ಹೀಗೆ ಮುಖ, ಕೈ, ಉಗುರುಗಳು ಬೂದುನೀಲಿ ಬಣ್ಣಕ್ಕೆ ತಿರುಗುವ ಸ್ಥಿತಿಗೆ ಆರ್ಜಿರಿಯಾ ಎಂದು ಹೆಸರು. ಇದು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಬೆಳ್ಳಿ ಸೇವನೆಯನ್ನು ನಿಲ್ಲಿಸಿದರೂ ಮೊದಲಿನ ಬಣ್ಣ ಮರಳುವುದಿಲ್ಲ.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 2002ರ ಸೆನೆಟ್ ಚುನಾವಣೆಗೆ ಸ್ಪರ್ಧಿಸಿದ್ದ ಅಭ್ಯರ್ಥಿಯೊಬ್ಬರ ಪ್ರಸಂಗ ಇದಕ್ಕೆ ಪ್ರಸಿದ್ಧ ಉದಾಹರಣೆ. 2000ನೇ ಇಸವಿ ಆರಂಭವಾದಾಗ ಗಣಕಯಂತ್ರಗಳು ಕೆಟ್ಟು ಔಷಧಗಳ ಅಭಾವ ಉಂಟಾಗಬಹುದೆಂಬ ಭಯದಿಂದ ಅವರು 1999ರಿಂದಲೇ ಮನೆಯಲ್ಲಿ ಬೆಳ್ಳಿನೀರನ್ನು ತಯಾರಿಸಿ ಕುಡಿಯತೊಡಗಿದ್ದರು. ಅಭಾವ ಬರಲಿಲ್ಲ, ಅವರ ಮೈಬಣ್ಣ ಮಾತ್ರ ನೀಲಿಯಾಯಿತು.

ಇದಲ್ಲದೆ, ಥೈರಾಯಿಡ್ ತೊಂದರೆಗೆ ಸೇವಿಸುವ ಥೈರಾಕ್ಸಿನ್ ಹಾಗೂ ಕೆಲವು ಪ್ರತಿಜೈವಿಕ ಔಷಧಗಳು ಶರೀರಕ್ಕೆ ಸೇರುವುದನ್ನು ಬೆಳ್ಳಿಯು ತಡೆಯಬಹುದು. ಎಲ್ಲಕ್ಕಿಂತ ದೊಡ್ಡ ಹಾನಿಯೆಂದರೆ, ಬೆಳ್ಳಿನೀರನ್ನು ನಂಬಿ ಸಕಾಲದ ಚಿಕಿತ್ಸೆಯನ್ನು ಕಳೆದುಕೊಳ್ಳುವುದು.

ವೈದ್ಯಶಾಸ್ತ್ರದಲ್ಲಿ ಬೆಳ್ಳಿಯ ಸ್ಥಾನ

ವೈದ್ಯಶಾಸ್ತ್ರವು ಬೆಳ್ಳಿಯನ್ನು ತಿರಸ್ಕರಿಸಿಲ್ಲ. ಜರ್ಮನಿಯ ಕಾರ್ಲ್ ಕ್ರೆಡೆ ಎಂಬ ವೈದ್ಯನು 1880ರಲ್ಲಿ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ದುರ್ಬಲ ದ್ರಾವಣವನ್ನು ಹಾಕುವ ಪದ್ಧತಿಯನ್ನು ಆರಂಭಿಸಿ ಅಸಂಖ್ಯ ಮಕ್ಕಳನ್ನು ಕುರುಡುತನದಿಂದ ಉಳಿಸಿದನು. ಸುಟ್ಟ ಗಾಯಗಳಿಗೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು 1968ರಲ್ಲಿ ಬಳಕೆಗೆ ಬಂದು ಇಂದಿಗೂ ಆಸ್ಪತ್ರೆಗಳಲ್ಲಿದೆ. ಇವೆರಡೂ ಹೊರಗೆ ಹಚ್ಚುವ ಅಥವಾ ಹಾಕುವ ಔಷಧಗಳು, ಅಳೆದ ಪ್ರಮಾಣದವು, ವೈದ್ಯರ ಉಸ್ತುವಾರಿಯಲ್ಲಿ ಬಳಸುವಂಥವು ಎಂಬುದನ್ನು ಗಮನಿಸಬೇಕು. ಒಳಗೆ ಸೇವಿಸುವ ಕಲಿಲ ಬೆಳ್ಳಿಯ ಔಷಧಗಳೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪ್ರಚಾರದಲ್ಲಿದ್ದವು. ಪೆನಿಸಿಲಿನ್‌ನಂತಹ ಪ್ರತಿಜೈವಿಕ ಔಷಧಗಳು ಬಂದ ಮೇಲೆ ಅವು ಹಿಂದೆ ಸರಿದವು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರುವ ಕಲಿಲ ಬೆಳ್ಳಿಯ ಔಷಧಗಳನ್ನು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಪರಿಗಣಿಸಲಾಗದೆಂದು ವಿಧಿಸಿತು. 2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ರೋಗಕ್ಕೆ ಬೆಳ್ಳಿನೀರು ಮದ್ದೆಂದು ಪ್ರಚಾರ ಮಾಡಿದ ಮಾರಾಟಗಾರರಿಗೆ ಅಲ್ಲಿ ಎಚ್ಚರಿಕೆ ಪತ್ರಗಳನ್ನು ನೀಡಲಾಯಿತು. ನಮ್ಮ ದೇಶದಲ್ಲಿ ಮಾರಾಟಕ್ಕಾಗಿ ಔಷಧ ತಯಾರಿಸಲು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮದ ಮೇರೆಗೆ ಪರವಾನಗಿ ಕಡ್ಡಾಯ. ಕೆಲವು ನಿರ್ದಿಷ್ಟ ರೋಗಗಳನ್ನು ಗುಣಪಡಿಸುವುದಾಗಿ ಹೇಳುವ ಜಾಹೀರಾತುಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಅಧಿನಿಯಮವು ನಿಷೇಧಿಸಿದೆ.

ಅಡ್ಯಾರ್‌ನ ಸಂಶೋಧನೆ

ಹಾಗಾದರೆ ಬೆಳ್ಳಿಯ ಗುಣವನ್ನು ಜನರ ಉಪಯೋಗಕ್ಕೆ ತರುವ ಸರಿಯಾದ ದಾರಿ ಯಾವುದು? ಇದಕ್ಕೆ ಅಡ್ಯಾರ್‌ನಲ್ಲಿ ನಡೆದ ಕೆಲಸವು ಉತ್ತಮ ನಿದರ್ಶನ. ಅಲ್ಲಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯು 1959ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಪ್ರೊ. ಟಿ. ಪ್ರದೀಪ್ 1993ರಲ್ಲಿ ಅಲ್ಲಿ ಅಧ್ಯಾಪಕರಾಗಿ ಸೇರಿ, ಲೋಹಗಳ ನ್ಯಾನೋಕಣಗಳನ್ನು ನೀರಿನ ಶುದ್ಧೀಕರಣಕ್ಕೆ ಬಳಸುವ ಸಂಶೋಧನೆಯನ್ನು ಬೆಳೆಸಿದರು.

ಅವರ ತಂಡವು 2003ರಲ್ಲಿ ಚಿನ್ನ ಮತ್ತು ಬೆಳ್ಳಿಯ ನ್ಯಾನೋಕಣಗಳ ನೆರವಿನಿಂದ ನೀರಿನಲ್ಲಿರುವ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಗುರುತಿಸಿ ಬೇರ್ಪಡಿಸುವ ವಿಧಾನವನ್ನು ಪ್ರಕಟಿಸಿತು. ಕಾಸರಗೋಡಿನ ಗೇರುತೋಟಗಳ ಮೇಲೆ ವಿಮಾನದಿಂದ ಸಿಂಪಡಿಸಿದ ಈ ವಿಷದಿಂದ ಎಣ್ಮಕಜೆಯಂತಹ ಗ್ರಾಮಗಳ ಜನ ಅನುಭವಿಸಿದ ಸಂಕಟವನ್ನು ಕನ್ನಡ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನನ್ನು ದೇಶದಾದ್ಯಂತ ನಿಷೇಧಿಸಿತು. ಕೀಟನಾಶಕಗಳನ್ನು ಹಿಡಿದಿಡುವ ನ್ಯಾನೋಕಣಗಳ ಶೋಧಕವು 2007ರಲ್ಲಿ ಮನೆಬಳಕೆಗೆ ಮಾರುಕಟ್ಟೆಗೆ ಬಂದಿತು.

ಇದೇ ತಂಡವು 2013ರಲ್ಲಿ ಇನ್ನೊಂದು ಮುಖ್ಯ ಫಲಿತಾಂಶವನ್ನು ಪ್ರಕಟಿಸಿತು. ಅಲ್ಯೂಮಿನಿಯಂ ಸಂಯುಕ್ತ ಹಾಗೂ ಸೀಗಡಿ, ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಎಂಬ ವಸ್ತುವಿನಿಂದ ಹೊಳೆಯ ಮರಳಿನಂತಹ ಹರಳುಗಳನ್ನು ತಯಾರಿಸಿ, ಅವುಗಳೊಳಗೆ ಬೆಳ್ಳಿಯ ನ್ಯಾನೋಕಣಗಳನ್ನು ಹುದುಗಿಸಲಾಯಿತು. ಹರಿಯುವ ನೀರಿಗೆ ಈ ಹರಳುಗಳು ಲೀಟರಿಗೆ ಸುಮಾರು 0.04 ಮಿಲಿಗ್ರಾಂನಷ್ಟು ಬೆಳ್ಳಿಯ ಅಯಾನುಗಳನ್ನು ಒಂದೇ ಸಮನಾಗಿ ಬಿಡುತ್ತವೆ. ಸೂಕ್ಷ್ಮಜೀವಿಗಳಿಗೆ ಇಷ್ಟು ಸಾಕು. ಕುಡಿಯುವ ನೀರಿನ ಮಿತಿಯ ಅರ್ಧವನ್ನೂ ಇದು ಮುಟ್ಟುವುದಿಲ್ಲ. ಹರಳುಗಳ ತಯಾರಿಕೆಗೆ ವಿದ್ಯುತ್ತು ಬೇಡ, ಶೋಧಕ ನಡೆಯಲೂ ಬೇಡ. ಒಂದು ಕುಟುಂಬಕ್ಕೆ ವರ್ಷಕ್ಕೆ ಎರಡೂವರೆ ಡಾಲರ್ ವೆಚ್ಚದಲ್ಲಿ ಶುದ್ಧ ನೀರು ಒದಗಿಸಬಹುದೆಂದು ತಂಡವು ತಿಳಿಸಿತು. ನೀರಿನಿಂದ ಆರ್ಸೆನಿಕ್ ತೆಗೆಯುವ ಅಮೃತ್ ಎಂಬ ತಂತ್ರವೂ ಇದೇ ಪ್ರಯೋಗಾಲಯದ ಕೊಡುಗೆ. 2020ರಲ್ಲಿ ಪ್ರೊ. ಪ್ರದೀಪ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಇಲ್ಲಿ ಬೆಳ್ಳಿಯನ್ನು ನೀರಿಗೆ ಇಳಿಸುವುದು ಕಷ್ಟದ ಕೆಲಸವಾಗಿರಲಿಲ್ಲ; ಅದನ್ನು ಒಂದು ಬ್ಯಾಟರಿಯೂ ಮಾಡಬಲ್ಲದು. ನೀರಿನ ಲವಣಗಳ ನಡುವೆಯೂ ಬೆಳ್ಳಿಯು ಹೆಚ್ಚೂ ಆಗದೆ ಕಡಿಮೆಯೂ ಆಗದೆ ಒಂದೇ ಪ್ರಮಾಣದಲ್ಲಿ ಇಳಿಯುವಂತೆ ಮಾಡುವುದೇ ಕಷ್ಟವಾಗಿತ್ತು. ವರ್ಷಗಟ್ಟಲೆ ಶ್ರಮ ಅದಕ್ಕೇ ಸಂದಿತು.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ವಿದ್ಯುದ್ವಿಭಜನೆ ಕಲಿಯಲು ಯೋಗ್ಯವಾದ ವಿಷಯ. ಶಾಲೆಯ ಪ್ರಯೋಗಾಲಯದಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ 9 ವೋಲ್ಟಿನ ಬ್ಯಾಟರಿ, ಎರಡು ಶುದ್ಧ ಬೆಳ್ಳಿಯ ತಂತಿ ಮತ್ತು ಬಟ್ಟಿ ಇಳಿಸಿದ ನೀರಿನಿಂದ ಇದನ್ನು ತೋರಿಸಬಹುದು. ಋಣಾಗ್ರದ ಗುಳ್ಳೆಗಳನ್ನೂ ಟಾರ್ಚಿನ ಬೆಳಕಿನ ಹಾದಿಯನ್ನೂ ವಿದ್ಯಾರ್ಥಿಗಳು ಗಮನಿಸಲಿ. ಬಳಿಕ ಆ ನೀರಿಗೆ ಉಪ್ಪುನೀರಿನ ಕೆಲವು ಹನಿಗಳನ್ನು ಹಾಕಿದರೆ ತೆಳುವಾದ ಬಿಳಿಯ ಮಬ್ಬು ಕಾಣುವುದು. ಇನ್ನೂ ಸ್ಪಷ್ಟವಾಗಿ ಕಾಣಬೇಕಾದರೆ ಅಧ್ಯಾಪಕರು ಕೈಗವಸು ಧರಿಸಿ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಉಪ್ಪುನೀರನ್ನು ಸೇರಿಸಿ ಬಿಳಿಯ ಗಸಿಯನ್ನು ಪಡೆಯಬಹುದು.

ಆ ಗಸಿಯನ್ನು ಎರಡು ಭಾಗ ಮಾಡಿ, ಒಂದನ್ನು ಕತ್ತಲೆಯ ಕಪಾಟಿನಲ್ಲೂ ಇನ್ನೊಂದನ್ನು ಬಿಸಿಲಿನಲ್ಲೂ ಇಡಬೇಕು. ಕತ್ತಲೆಯಲ್ಲಿದ್ದುದು ಬಿಳಿಯಾಗಿಯೇ ಉಳಿಯುತ್ತದೆ. ಬಿಸಿಲಿನಲ್ಲಿದ್ದುದು ನೋಡನೋಡುತ್ತ ನೇರಳೆಯ ಛಾಯೆ ತಾಳಿ ಬೂದುಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಸೇರಿದ ಚರ್ಮವು ಬಿಸಿಲಿಗೆ ಕಪ್ಪಾಗುವುದು ಹೇಗೆಂಬುದನ್ನು ತಿಳಿಸಲು ಇದಕ್ಕಿಂತ ಸರಳವಾದ ಪಾಠ ಬೇರೊಂದಿಲ್ಲ. ಗಾಜಿನ ತಟ್ಟೆಯನ್ನು ತೊಳೆಯಬಹುದು, ಚರ್ಮವನ್ನು ಹಾಗೆ ತೊಳೆಯಲಾಗದು.

ಪ್ರಯೋಗದ ನೀರನ್ನು ಯಾರೂ ಬಾಯಿಗೆ ತಾಗಿಸಬಾರದು. ಬೆಳ್ಳಿಯ ಅಯಾನುಗಳು ಮೀನು ಮತ್ತಿತರ ಜಲಚರಗಳಿಗೆ ವಿಷಕಾರಿಯಾದುದರಿಂದ ಅದನ್ನು ಕೆರೆ, ಬಾವಿಗಳ ಬಳಿ ಚೆಲ್ಲಲೂ ಬಾರದು. ಉಪ್ಪು ಹಾಕಿ ಗಸಿಯನ್ನು ತಳಕ್ಕಿಳಿಸಿ, ಪ್ರಯೋಗಾಲಯದ ತ್ಯಾಜ್ಯದೊಡನೆ ಬೇರೆಯಾಗಿ ಸಂಗ್ರಹಿಸಿಡಬೇಕು.

ನಾವು ಮಾಡಬೇಕಾದುದು

ಬೆಳ್ಳಿಯ ಲೋಟದಲ್ಲಿ ನೀರು ಕುಡಿಯುವುದಕ್ಕೂ ಒಳಲೆಯಲ್ಲಿ ಮಗುವಿಗೆ ಹಾಲೆರೆಯುವುದಕ್ಕೂ ಅಂಜಬೇಕಾಗಿಲ್ಲ. ವಿದ್ಯುತ್ತಿನ ಒತ್ತಾಯವಿಲ್ಲದೆ ಲೋಹದ ಬೆಳ್ಳಿ ನೀರಿನಲ್ಲಿ ಅತ್ಯಲ್ಪವಾಗಿ ಮಾತ್ರ ಕರಗುತ್ತದೆ. ಆದರೆ ಬೆಳ್ಳಿಯ ಪಾತ್ರೆಯಲ್ಲಿಟ್ಟ ಮಾತ್ರಕ್ಕೆ ಕಲುಷಿತ ನೀರು ಶುದ್ಧವಾಯಿತೆಂದೂ ತಿಳಿಯಬಾರದು. ಕುಡಿಯುವ ನೀರನ್ನು ರೋಗಾಣುರಹಿತವಾಗಿ ಮಾಡಲು ಬೆಳ್ಳಿಯೊಂದನ್ನೇ ನೆಚ್ಚುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು ಸಮರ್ಥಿಸಿಲ್ಲ.

ನೀರಿನ ಬಗ್ಗೆ ಸಂದೇಹವಿದ್ದಲ್ಲಿ ಮೊದಲು ಶುಭ್ರವಾದ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ, ಆರಿಸಿ, ಮುಚ್ಚಿದ ಪಾತ್ರೆಯಲ್ಲಿಡುವುದು ಎಲ್ಲರಿಗೂ ಸಾಧ್ಯವಾದ ವಿಧಾನ. ಕ್ಲೋರಿನ್ ಮಾತ್ರೆ ಬಳಸುವವರು ಅದರ ಮೇಲಿನ ಸೂಚನೆಯಂತೆ ಅಳೆದು ಹಾಕಿ ಕನಿಷ್ಠ 30 ನಿಮಿಷ ಕಾದು ಉಪಯೋಗಿಸಬೇಕು. ವಾಂತಿಭೇದಿಯಾದಾಗ ಜೀವರಕ್ಷಕ ದ್ರಾವಣವನ್ನು ಕುಡಿಸುತ್ತ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಈಗಾಗಲೇ ಬೆಳ್ಳಿನೀರನ್ನು ಸೇವಿಸುತ್ತಿರುವವರು ಅದನ್ನು ಕೂಡಲೇ ನಿಲ್ಲಿಸಿ, ಎಷ್ಟು ಕಾಲದಿಂದ ಸೇವಿಸುತ್ತಿದ್ದರೆಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಬೇಕು.

ಅಳತೆಯರಿತು ಕೊಟ್ಟದ್ದು ಮದ್ದು, ಅಳತೆ ಮೀರಿದ್ದು ವಿಷ ಎಂಬುದನ್ನು ನಮ್ಮ ಹಿರಿಯರೂ ಬಲ್ಲರು, ಇಂದಿನ ವಿಜ್ಞಾನವೂ ಬಲ್ಲದು. ಬೆಳ್ಳಿಯ ವಿಷಯದಲ್ಲಿ ಆ ಅಳತೆಗೋಲು ಮನೆಯಲ್ಲಿಲ್ಲ. ಆದುದರಿಂದ ಮನೆಯಲ್ಲಿ ತಯಾರಿಸಿದ ಬೆಳ್ಳಿನೀರನ್ನು ಕುಡಿಯದಿರುವುದೇ ವಿವೇಕ.